ದೊಡ್ಡ ಎಸ್‌ಯುವಿಗೆ ಯಾವ ಎಂಜಿನ್? ಮೊದಲು ವಾರದ ಓಡಾಟ ಬರೆದಿಡಿ

ನಮ್ಮ ಕಾಕಾ ದೊಡ್ಡದೊಂದು ಡೀಸೆಲ್ ಎಸ್‌ಯುವಿ ತಗೊಂಡರು. ಮನೆ ಬೆಳಗಾವಿಯ ಟಿಳಕವಾಡಿಯಲ್ಲಿ, ಅಂಗಡಿ ಖಡೇಬಜಾರ್‌ನಲ್ಲಿ. ದಿನಾ ಹೋಗಿ ಬರಲು ಏಳೆಂಟು ಕಿಲೋಮೀಟರ್. ರೈಲ್ವೆ ಗೇಟ್ ಬಿದ್ದರೆ ಅಲ್ಲೇ ನಿಲ್ಲಬೇಕು. ಕೆಲವೇ ತಿಂಗಳಲ್ಲಿ ಡ್ಯಾಶ್‌ಬೋರ್ಡ್‌ನಲ್ಲಿ ಹಳದಿ ದೀಪ ಹತ್ತಿತು. ಸರಿಹೋಗುತ್ತೆ ಅಂತ ಸುಮ್ನೆ ಬಿಟ್ಟರು. ಒಂದು ದಿನ ಗಾಡಿ ಎಳೆಯುವುದನ್ನೇ ಬಿಟ್ಟಿತು. ಗಾಡಿ ಕೆಟ್ಟದ್ದೇನೂ ಅಲ್ಲ, ಅವರ ಓಡಾಟಕ್ಕೆ ಆ ಎಂಜಿನ್ ಹೊಂದುವಂಥದ್ದಲ್ಲ. ದಿನಕ್ಕೆ ಎಷ್ಟು ಓಡಿಸುತ್ತೀರಿ ಎಂದು ಶೋರೂಮ್‌ನಲ್ಲಿ ಯಾರೂ ಕೇಳಿರಲಿಲ್ಲ. ಅದಕ್ಕೇ ಈ ಮಾತು ಬರೆಯುತ್ತಿದ್ದೇನೆ.

ಮೊದಲ ಕೆಲಸ: ಒಂದು ವಾರ ಲೆಕ್ಕ ಇಡಿ

ಈಗಿರುವ ಗಾಡಿಯಲ್ಲೇ ಏಳು ದಿನ ಬರೆದುಕೊಳ್ಳಿ. ಎಷ್ಟು ಸಲ ಗಾಡಿ ತೆಗೆದಿರಿ, ಪ್ರತಿ ಸಲ ಎಷ್ಟು ಕಿಲೋಮೀಟರ್, ಎಷ್ಟು ನಿಮಿಷ. ಒಟ್ಟು ಕಿಲೋಮೀಟರ್‌ಗಿಂತ ಒಂದೊಂದು ಓಟ ಎಷ್ಟು ಉದ್ದ ಎನ್ನುವುದೇ ಇಲ್ಲಿ ಮುಖ್ಯ. ವರ್ಷಕ್ಕೊಮ್ಮೆ ಹೋಗುವ ಗೋವಾ ಟ್ರಿಪ್ ಇದರಲ್ಲಿ ಸೇರಿಸಬೇಡಿ. ಎಲ್ಲರೂ ಆ ಟ್ರಿಪ್ ನೆನೆಸಿಕೊಂಡೇ ಎಂಜಿನ್ ಆರಿಸುತ್ತಾರೆ, ತಪ್ಪಾಗುವುದು ಅಲ್ಲೇ.

ಡೀಸೆಲ್ ಯಾರಿಗೆ?

2020ರ ಏಪ್ರಿಲ್‌ನಿಂದ ಗಾಡಿಗಳ ಹೊಗೆಗೆ ಮಿತಿ ಹಾಕುವ ಬಿಎಸ್6 ನಿಯಮ ಬಂತು. ಈಗಿನ ಡೀಸೆಲ್ ಗಾಡಿಗಳ ಸೈಲೆನ್ಸರ್ ದಾರಿಯಲ್ಲಿ ಡಿಪಿಎಫ್ ಎಂಬ ಫಿಲ್ಟರ್ ಇರುತ್ತದೆ. ಹೊಗೆಯಲ್ಲಿರುವ ಕಪ್ಪು ಮಸಿಯನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ. ಮಸಿ ತುಂಬಿದಾಗ ಅದನ್ನು ಅಲ್ಲೇ ಸುಟ್ಟು ಬೂದಿ ಮಾಡಬೇಕು. ಅದಕ್ಕೆ ಜೋರು ಬಿಸಿ ಬೇಕು. ಹೈವೇಯಲ್ಲಿ ಹದಿನೈದಿಪ್ಪತ್ತು ನಿಮಿಷ ಒಂದೇ ಸಮನೆ ಓಡಿದರೆ ಆ ಬಿಸಿ ಸಿಗುತ್ತದೆ. ಮನೆಯಿಂದ ಅಂಗಡಿಗೆ ಹೋಗುವಷ್ಟರಲ್ಲಿ ಎಂಜಿನ್ ಪೂರ್ತಿ ಕಾಯುವುದೇ ಇಲ್ಲ. ಸುಡುವ ಕೆಲಸ ಅರ್ಧಕ್ಕೇ ನಿಲ್ಲುತ್ತದೆ, ಮಸಿ ಮತ್ತೆ ಕೂಡುತ್ತದೆ. ಕಾಕಾ ಗಾಡಿಗೆ ಆಗಿದ್ದು ಇದೇ. ಆ ದೀಪ ಹತ್ತಿದ ದಿನವೇ ಹೈವೇ ಹಿಡಿದು ಸಂಕೇಶ್ವರದವರೆಗೆ ಹೋಗಿ ಬಂದಿದ್ದರೆ ಬಹುಶಃ ಸರಿಹೋಗುತ್ತಿತ್ತು.

ಇನ್ನೊಂದು ಆಡ್‌ಬ್ಲೂ, ಹೊಗೆಯಲ್ಲಿನ ವಿಷ ಅನಿಲ ಕಡಿಮೆ ಮಾಡುವ ದ್ರವ. ನಮ್ಮ ಲಾರಿ ಡ್ರೈವರ್‌ಗಳು ಇದನ್ನು ಯೂರಿಯಾ ಅಂತಲೇ ಕರೆಯುತ್ತಾರೆ. 32.5 ಶೇಕಡ ಯೂರಿಯಾ, ಉಳಿದದ್ದು ಶುದ್ಧ ನೀರು. ಇದಕ್ಕೆ ಬೇರೆಯೇ ಟ್ಯಾಂಕ್ ಇದೆ, ಮುಚ್ಚಳ ಸಾಮಾನ್ಯವಾಗಿ ನೀಲಿ. ಅದು ಪೂರ್ತಿ ಖಾಲಿಯಾದರೆ, ಒಮ್ಮೆ ಆಫ್ ಮಾಡಿದ ಎಂಜಿನ್ ಮತ್ತೆ ಸ್ಟಾರ್ಟ್ ಆಗುವುದಿಲ್ಲ. ತಪ್ಪಿ ಡೀಸೆಲ್ ಟ್ಯಾಂಕಿಗೆ ಸುರಿದರೆ ಸ್ಟಾರ್ಟ್ ಮಾಡಲೇಬೇಡಿ, ಗ್ಯಾರೇಜಿಗೆ ಎಳೆಸಿ. ಡ್ರೈವರ್ ಇಟ್ಟುಕೊಂಡವರು ಅವರಿಗೂ ಇದನ್ನು ಹೇಳಿಕೊಡಿ.

ಇಷ್ಟೆಲ್ಲ ಇದ್ದರೂ, ವಾರಕ್ಕೆ ಎರಡು ಸಲ ಹುಬ್ಬಳ್ಳಿ, ಕೊಲ್ಲಾಪುರ ಅಂತ ಓಡಾಡುವವರಿಗೆ ನಾನು ಡೀಸೆಲ್ಲನ್ನೇ ಹೇಳುತ್ತೇನೆ. ತೂಕದ ಗಾಡಿಯನ್ನು ಕಡಿಮೆ ಆರ್‌ಪಿಎಮ್‌ನಲ್ಲೇ ಆರಾಮಾಗಿ ಎಳೆಯುವ ಶಕ್ತಿ ಅದಕ್ಕಿದೆ. ಬಿಎಂಡಬ್ಲ್ಯು ಎಕ್ಸ್5 ನೋಡಿ. 2023ರಲ್ಲಿ ಇಲ್ಲಿಗೆ ಬಂದ ಮಾದರಿಯ ಡೀಸೆಲ್ 286 ಎಚ್‌ಪಿ, ಪೆಟ್ರೋಲ್ 381 ಎಚ್‌ಪಿ. ಆದರೆ ಎಳೆತದಲ್ಲಿ, ಅಂದರೆ ಟಾರ್ಕ್‌ನಲ್ಲಿ, ಡೀಸೆಲ್ 650 ಎನ್‌ಎಂ, ಪೆಟ್ರೋಲ್ 520. ಘಾಟ್ ಹತ್ತುವಾಗ ಕಾಲಿಗೆ ಗೊತ್ತಾಗುವುದು ಈ ಟಾರ್ಕ್ ಅಂಕಿ.

ಪೆಟ್ರೋಲ್ ಯಾರಿಗೆ?

ಊರೊಳಗೇ ಜಾಸ್ತಿ ಓಡಾಟ ಇದ್ದವರಿಗೆ. ಸದ್ದು ಕಡಿಮೆ, ಅದುರುವುದು ಕಡಿಮೆ, ಯೂರಿಯಾ ಚಿಂತೆ ಇಲ್ಲ. ಕೆಲವು ಕಂಪನಿಗಳಲ್ಲಿ ಆಯ್ಕೆಯೇ ಉಳಿದಿಲ್ಲ. ಆಡಿ 2020ರಲ್ಲೇ ನಮ್ಮ ದೇಶದಲ್ಲಿ ಡೀಸೆಲ್ ನಿಲ್ಲಿಸಿತು. ವೋಲ್ವೊ ತನ್ನ ಕೊನೆಯ ಡೀಸೆಲ್ ಕಾರನ್ನು ತಯಾರಿಸಿದ್ದು 2024ರ ಆರಂಭದಲ್ಲಿ.

ಪೆಟ್ರೋಲ್‌ನಲ್ಲಿ ಒಂದು ಮಾತು ತಿಳಿದಿರಲಿ. ನಮ್ಮ ಜಿಲ್ಲೆಯ ಕಬ್ಬು ಸಕ್ಕರೆ ಮಾತ್ರ ಆಗುವುದಿಲ್ಲ, ಎಥೆನಾಲ್ ಕೂಡ ಆಗುತ್ತದೆ. ಈಗ ಬಂಕಿನಲ್ಲಿ ಸಿಗುವ ಸಾಮಾನ್ಯ ಪೆಟ್ರೋಲ್‌ನಲ್ಲಿ 20 ಶೇಕಡದವರೆಗೆ ಅದೇ ಇರುತ್ತದೆ. ರೈತನಿಗೆ ಒಳ್ಳೆಯದು, ನನಗೂ ಸಂತೋಷ. ಆದರೆ ಒಂದು ಲೀಟರ್ ಎಥೆನಾಲ್‌ನಲ್ಲಿ ಪೆಟ್ರೋಲ್‌ಗಿಂತ ಸುಮಾರು ಮೂರನೇ ಒಂದು ಭಾಗ ಶಕ್ತಿ ಕಡಿಮೆ, ಹಾಗಾಗಿ ಎವರೇಜ್ ಸ್ವಲ್ಪ ಇಳಿಯುತ್ತದೆ. ಎಥೆನಾಲ್ ನೀರನ್ನೂ ಎಳೆದುಕೊಳ್ಳುತ್ತದೆ. ಮಳೆಗಾಲವಿಡೀ ಗಾಡಿಯನ್ನು ಶೆಡ್‌ನಲ್ಲೇ ನಿಲ್ಲಿಸಬೇಡಿ. ಸೆಕೆಂಡ್ ಹ್ಯಾಂಡ್ ತಗೊಳ್ಳುವವರು ಆ ಗಾಡಿಗೆ ಇ20, ಅಂದರೆ ಈ 20 ಶೇಕಡ ಎಥೆನಾಲ್ ಪೆಟ್ರೋಲ್, ಒಗ್ಗುತ್ತದಾ ಎಂದು ಕೈಪಿಡಿಯಲ್ಲಿ ನೋಡಲೇಬೇಕು. ಯಾವ ಆಕ್ಟೇನ್ (ಪೆಟ್ರೋಲ್‌ನ ದರ್ಜೆ ಹೇಳುವ ಅಂಕಿ) ಬೇಕು ಎನ್ನುವುದು ಟ್ಯಾಂಕ್ ಮುಚ್ಚಳದ ಒಳಗೆ ಬರೆದಿರುತ್ತದೆ.

ಈಗ ರೊಕ್ಕದ ಲೆಕ್ಕ

ಮರ್ಸಿಡಿಸ್ ಜಿಎಲ್‌ಸಿ 2023ರಲ್ಲಿ ಬಂದಾಗ ಪೆಟ್ರೋಲ್ ಶೋರೂಮ್ ಬೆಲೆ 73.5 ಲಕ್ಷ, ಡೀಸೆಲ್ 74.5 ಲಕ್ಷ. ವ್ಯತ್ಯಾಸ ಒಂದು ಲಕ್ಷ. ಈ ಒಂದು ಲಕ್ಷ ಯಾವಾಗ ವಾಪಸ್ ಬರುತ್ತದೆ? ಪೆಟ್ರೋಲ್ ಲೀಟರ್‌ಗೆ 103 ರೂಪಾಯಿ, ಎವರೇಜ್ 9 ಎಂದುಕೊಳ್ಳಿ. ಡೀಸೆಲ್ 91 ರೂಪಾಯಿ, ಎವರೇಜ್ 13. ವರ್ಷಕ್ಕೆ 10,000 ಕಿಲೋಮೀಟರ್ ಓಡಿಸಿದರೆ ಪೆಟ್ರೋಲ್‌ಗೆ ಸುಮಾರು 1,14,000, ಡೀಸೆಲ್‌ಗೆ 70,000. ಎರಡೂಕಾಲು ವರ್ಷದಲ್ಲಿ ಲಕ್ಷ ಕೈಸೇರುತ್ತದೆ. ಅದೇ 3,000 ಕಿಲೋಮೀಟರ್ ಆದರೆ ಏಳೂವರೆ ವರ್ಷ! ಅಷ್ಟರಲ್ಲಿ ಗಾಡಿಯನ್ನೇ ಬದಲಾಯಿಸಿರುತ್ತೀರಿ, ಅಲ್ವಾ? ನಿಮ್ಮ ಊರಿನ ಇವತ್ತಿನ ದರ, ನಿಮ್ಮ ಕಿಲೋಮೀಟರ್ ಹಾಕಿ ಇದನ್ನೇ ಇನ್ನೊಮ್ಮೆ ಮಾಡಿ. ಜಿಎಸ್‌ಟಿ ನೋಡಿ ಆರಿಸುವಂತಿಲ್ಲ. 2025ರ ಸೆಪ್ಟೆಂಬರ್ 22ರಿಂದ ಈ ದೊಡ್ಡ ಗಾಡಿಗಳಲ್ಲಿ ಪೆಟ್ರೋಲ್, ಡೀಸೆಲ್ ಎರಡಕ್ಕೂ 40 ಶೇಕಡ.

48 ವೋಲ್ಟ್ ಮೈಲ್ಡ್ ಹೈಬ್ರಿಡ್ ಎಂದು ಹೇಳಿದರೆ ಮರುಳಾಗಬೇಡಿ. ಹೊರಡುವಾಗ ಎಂಜಿನ್‌ಗೆ ಸ್ವಲ್ಪ ಕೈಜೋಡಿಸುತ್ತದೆ ಅಷ್ಟೆ, ಬರೀ ಕರೆಂಟ್ ಮೇಲೆ ಗಾಡಿ ಓಡುವುದಿಲ್ಲ.

ಟೆಸ್ಟ್ ಡ್ರೈವ್

ಶೋರೂಮ್ ಮುಂದಿನ ರಸ್ತೆಯಲ್ಲಿ ಒಂದು ಸುತ್ತು ಹಾಕಿದರೆ ಏನೂ ಗೊತ್ತಾಗುವುದಿಲ್ಲ. ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿಸಿ, ಸದ್ದು ಕೇಳಿ. ಮನೆಯವರನ್ನೆಲ್ಲ ಕೂರಿಸಿಕೊಳ್ಳಿ, ಎಸಿ ಹಾಕಿ, ಕಾಕತಿ ದಾಟಿ ವಂಟಮೂರಿ ಘಾಟ್‌ವರೆಗೆ ಹೋಗಿ ಬನ್ನಿ. ಅಮ್ಮನನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಕೇಳಿ, ಅವರಿಗೆ ಅದುರುವಿಕೆ ನಿಮಗಿಂತ ಬೇಗ ತಿಳಿಯುತ್ತದೆ. ಎರಡೂ ಎಂಜಿನ್ ಒಂದೇ ದಿನ ಓಡಿಸಿ. ವಾಪಸ್ ಬಂದ ಮೇಲೆ ಕೇಳಿ: ದೀಪ ಹತ್ತಿದರೆ ಗಾಡಿ ಎಲ್ಲಿಗೆ ಒಯ್ಯಬೇಕು, ಆ ವರ್ಕ್‌ಶಾಪ್ ಇಲ್ಲಿಂದ ಎಷ್ಟು ಕಿಲೋಮೀಟರ್?

ಬುಕಿಂಗ್ ಫಾರ್ಮ್‌ಗೆ ಸಹಿ ಹಾಕುವಾಗ ಮಾದರಿಯ ಹೆಸರನ್ನು ಅಕ್ಷರ ಅಕ್ಷರ ಓದಿ. ಬಿಎಂಡಬ್ಲ್ಯುದಲ್ಲಿ ಅಂಕಿಯ ಕೊನೆಗೆ ‘ಡಿ’ ಇದ್ದರೆ ಡೀಸೆಲ್, ‘ಐ’ ಇದ್ದರೆ ಪೆಟ್ರೋಲ್. ರೇಂಜ್ ರೋವರ್‌ನಲ್ಲಿ ಅಂಕಿಯ ಮುಂದೆಯೇ ‘ಡಿ’ ಅಥವಾ ‘ಪಿ’ ಇರುತ್ತದೆ. ಕಾಕಾ ಆಮೇಲೆ ಆ ಗಾಡಿ ಮಾರಿ ಪೆಟ್ರೋಲ್ ತಗೊಂಡರು. ಈ ಸಲ ಫಾರ್ಮ್ ಓದಿದ್ದು ಅವರ ಹೆಂಡತಿ, ನಮ್ಮ ಕಾಕು.