ಜರ್ಮನಿಗೆ ಓದಲು ಬರುವವರಿಗೆ: ಯೂನಿಯೋ, ಎಫ್‌ಹೆಚ್ಚೋ?

ವೀಸಾ, ಬ್ಲಾಕ್ಡ್ ಅಕೌಂಟ್ (ವೀಸಾಕ್ಕೆ ಮೊದಲೇ ದುಡ್ಡು ಇಡುವ ಖಾತೆ), ಎಪಿಎಸ್ (ನಮ್ಮ ಸರ್ಟಿಫಿಕೇಟುಗಳ ಪರಿಶೀಲನೆ) ಬಗ್ಗೆ ಇಲ್ಲಿ ಬರೆಯುವುದಿಲ್ಲ, ಅದೆಲ್ಲ ನಿಮಗೆ ಗೊತ್ತಿರುತ್ತದೆ. ನನ್ನ ಚಿಂತೆ ಪಾಠದ್ದು: ಯೂನಿ, ಅಂದರೆ ಯೂನಿವರ್ಸಿಟಿಯಲ್ಲಿ ಅದು ಹೇಗಿದೆ, ಎಫ್‌ಹೆಚ್, ಅಂದರೆ ಕೆಲಸಕ್ಕೆ ಬೇಕಾದ್ದನ್ನು ಕಲಿಸುವ ಫಾಖ್‌ಹೋಖ್‌ಶೂಲೆ ಅನ್ನುವ ಕಾಲೇಜಿನಲ್ಲಿ ಹೇಗಿದೆ ಅನ್ನುವುದು. ಪ್ರತಿ ಅಕ್ಟೋಬರ್‌ನಲ್ಲಿ ಬರುವ ನಮ್ಮ ಮಕ್ಕಳು ಜಾಸ್ತಿ ರ‍್ಯಾಂಕಿಂಗ್ ನೋಡಿಯೇ ಸೀಟು ಹಿಡಿದಿರುತ್ತಾರೆ. ಆ ರ‍್ಯಾಂಕಿಂಗ್ ಅಳೆಯುವುದು ಮುಖ್ಯವಾಗಿ ಸಂಶೋಧನೆ ಮತ್ತು ಹೆಸರನ್ನು. ಅಲ್ಲಿ ಎಫ್‌ಹೆಚ್‌ಗಳು ಕಾಣುವುದೇ ಅಪರೂಪ.

ಆಖನ್ ಊರನ್ನೇ ನೋಡಿ. ಆರ್‌ಡಬ್ಲ್ಯುಟಿಹೆಚ್ ಸಂಶೋಧನೆಗೆ ಹೆಸರಾದ ಯೂನಿ. ಅದೇ ಊರಿನಲ್ಲಿ 1971ರಲ್ಲಿ ಶುರುವಾದ ಎಫ್‌ಹೆಚ್ ಆಖನ್ ಇದೆ, ಅಲ್ಲಿ ಪಾಠವೇ ಮುಖ್ಯ ಕೆಲಸ. ಸಾಮಾನ್ಯವಾಗಿ ಯೂನಿ ಪ್ರೊಫೆಸರ್ ವಾರಕ್ಕೆ 8-9 ತಾಸು ಪಾಠ ಮಾಡಬೇಕು, ಎಫ್‌ಹೆಚ್‌ನವರು ಸುಮಾರು 18 ತಾಸು. ಮೇಲಾಗಿ ಎಫ್‌ಹೆಚ್ ಪ್ರೊಫೆಸರ್ ಆಗಲು ಕೆಲವು ವರ್ಷ ಹೊರಗೆ ದುಡಿದ ಅನುಭವವೂ ಬೇಕು. ಕ್ಲಾಸು ಚಿಕ್ಕದು, ನಿಮ್ಮ ಹೆಸರು ಅವರಿಗೆ ಗೊತ್ತಿರುತ್ತದೆ. ಕೆಲಸಕ್ಕೆ ಸೇರುವುದೇ ಗುರಿಯಾದರೆ ಎಫ್‌ಹೆಚ್ ಪಾಠವೇ ಉತ್ತಮ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಪಿಎಚ್‌ಡಿ ಮನಸ್ಸಿದ್ದರೆ ಮಾತ್ರ ಯೂನಿ ಸರಿ, ಏಕೆಂದರೆ ಆ ಪದವಿ ಕೊಡುವ ಹಕ್ಕು ಹೆಚ್ಚಿನ ಎಫ್‌ಹೆಚ್‌ಗಳಿಗೆ ಇಲ್ಲ.

ಈಗ ನಿಜವಾದ ಗುಂಡಿಗೆ ಬರೋಣ. ಯೂನಿಯ ದೊಡ್ಡ ಕ್ಲಾಸಿನಲ್ಲಿ ನೀವು ಬಂದಿರಾ, ಅರ್ಥವಾಯಿತಾ ಅಂತ ಯಾರೂ ಕೇಳುವುದಿಲ್ಲ. ಎಷ್ಟೋ ವಿಷಯಗಳಲ್ಲಿ ಇಂಟರ್ನಲ್ ಮಾರ್ಕ್ಸ್ ಇಲ್ಲ, ಹಾಜರಿಗೆ ಬೆಲೆ ಇಲ್ಲ, ಕೊನೆಯ ಪರೀಕ್ಷೆಯೇ ಎಲ್ಲ. ಹೆಚ್ಚಿನ ಕೋರ್ಸ್‌ಗಳಲ್ಲಿ ಒಂದು ಪರೀಕ್ಷೆಗೆ ಮೂರೇ ಅವಕಾಶ. ಕಡ್ಡಾಯ ವಿಷಯದಲ್ಲಿ ಮೂರನೆಯದೂ ಹೋಯಿತೋ, ಕೋರ್ಸಿನಿಂದಲೇ ಹೆಸರು ತೆಗೆಯುತ್ತಾರೆ, ಅದೇ ಕೋರ್ಸಿಗೆ ಜರ್ಮನಿಯ ಬೇರೆ ಯೂನಿ ಸೇರುವುದಕ್ಕೂ ಸಾಮಾನ್ಯವಾಗಿ ಬಿಡುವುದಿಲ್ಲ, ಓದಿನ ಮೇಲೆ ನಿಂತಿರುವ ವೀಸಾ ಕೂಡ ಅಲುಗಾಡುತ್ತದೆ. ನಮ್ಮಲ್ಲಿಯ ಹಾಗೆ ಬ್ಯಾಕ್‌ಲಾಗ್ ಇಟ್ಟುಕೊಂಡು ಮುಂದೆ ನೋಡೋಣ ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ.

ನನಗೆ ಗೊತ್ತಿರುವ ಒಬ್ಬ ಹುಡುಗ ಒಂದು ಕ್ಲಾಸೂ ತಪ್ಪಿಸಿದವನಲ್ಲ. ಆದರೆ ಊಬುಂಗ್‌ಗೆ, ಅಂದರೆ ಲೆಕ್ಕ ಬಿಡಿಸುವ ತರಗತಿಗೆ, ಅದು ಕಡ್ಡಾಯ ಅಲ್ಲ ಅಂತ ಹೋಗಲಿಲ್ಲ. ಪರೀಕ್ಷೆ ಬರುವುದೇ ಆ ಲೆಕ್ಕಗಳ ಜಾಡಿನಲ್ಲಿ! ಎರಡು ಸಲ ಫೇಲಾದ. ಮೂರನೆಯ ಸಲ ಜ್ವರ ಅಂತ ಮನೆಯಲ್ಲೇ ಮಲಗಿದ, ಡಾಕ್ಟರ್ ಚೀಟಿಯನ್ನು ಸಮಯಕ್ಕೆ ಕಳಿಸಲಿಲ್ಲ. ಬರದಿದ್ದವನಿಗೂ 5.0, ಅಂದರೆ ಫೇಲ್. ಒಂದೂವರೆ ವರ್ಷದ ಓದು, ಅಪ್ಪ ಅಮ್ಮನ ಸಾಲ, ಎಲ್ಲಾ ನೀರಿಗೆ ಬಿತ್ತು.

ಅದಕ್ಕೇ ಹೇಳುತ್ತೇನೆ, ಸೇರಿದ ಮೊದಲ ವಾರವೇ ನಿಮ್ಮ ಕೋರ್ಸಿನ ಪರೀಕ್ಷಾ ನಿಯಮಾವಳಿ, ಅಂದರೆ ಪ್ರೂಫುಂಗ್ಸ್‌ಓರ್ಡ್‌ನುಂಗ್ ಓದಿ. ಜರ್ಮನ್ ಬಾರದಿದ್ದರೆ ಯಾರನ್ನಾದರೂ ಕೂರಿಸಿಕೊಂಡು ಓದಿಸಿ. ಎಷ್ಟು ಅವಕಾಶ, ಪರೀಕ್ಷೆಯಿಂದ ಹೆಸರು ಹಿಂದೆ ತೆಗೆಯಲು ಕೊನೆಯ ದಿನ ಯಾವುದು, ಫೇಲಾದರೆ ಮುಂದಿನ ಪರೀಕ್ಷೆಗೆ ತಾನಾಗಿಯೇ ಹೆಸರು ಸೇರುತ್ತದಾ, ಇಷ್ಟನ್ನು ಬರೆದಿಟ್ಟುಕೊಳ್ಳಿ. ತಯಾರಿ ಸಾಲದು ಅನ್ನಿಸಿದರೆ ಆ ದಿನದೊಳಗೆ ಹೆಸರು ತೆಗೆಯಿರಿ. ಸುಮ್ನೆ ಒಂದು ಕೈ ನೋಡೋಣ ಅಂತ ಹೋಗಿ ಕೂರಬೇಡಿ. ಎಫ್‌ಹೆಚ್‌ಗಳಲ್ಲೂ ಇಂಥ ನಿಯಮ ಇರುತ್ತದೆ, ಆದರೆ ನೀವು ಹಿಂದೆ ಬಿದ್ದಿದ್ದು ಅಲ್ಲಿ ಯಾರ ಕಣ್ಣಿಗಾದರೂ ಮೊದಲೇ ಬೀಳುತ್ತದೆ.