ಸುಶಿ ಅಂದ್ರೆ ಹುಳಿ ಅನ್ನ: ಟೋಕಿಯೊದಲ್ಲಿ ನಾನು ಕಲಿತದ್ದು

ಟೋಕಿಯೊದ ನಿಶಿ-ಕಾಸಾಯ್‌ಗೆ ಬಂದ ಹೊಸದರಲ್ಲಿ ಸುಶಿ ಅಂದ್ರೆ ಹಸಿ ಮೀನು ಅಂತಲೇ ತಿಳಿದಿದ್ದೆ. ನಾನು ಸಸ್ಯಾಹಾರಿ, ಅದರ ತಂಟೆಗೇ ಹೋಗಿರಲಿಲ್ಲ. ಒಂದು ದಿನ ಪಕ್ಕದ ಮನೆಯ ಅಜ್ಜಿ ಇನಾರಿ ಸುಶಿ (ಕರಿದ ತೋಫು, ಅಂದ್ರೆ ಸೋಯಾ ಪನೀರ್‌ನ ಚೀಲಕ್ಕೆ ಅನ್ನ ತುಂಬಿದ್ದು) ಮಾಡುವಾಗ ಕರೆದು ಕೂರಿಸಿಕೊಂಡರು. ಸುಶಿಯಲ್ಲಿ ಮುಖ್ಯ ಅನ್ನ ಅಂತ ಅವತ್ತು ಗೊತ್ತಾಯಿತು. ಹಳೆಯ ಜಪಾನಿ ಭಾಷೆಯಲ್ಲಿ ಆ ಮಾತಿಗೆ ಹುಳಿ ಎಂದೇ ಅರ್ಥ. ಅನ್ನವಿಲ್ಲದ ಹಸಿ ಮೀನು ಸಾಶಿಮಿ, ಸುಶಿಯಲ್ಲ.

ಈಗ ನಾನೇ ಮಾಡುತ್ತೇನೆ. ಗಿಡ್ಡ ಕಾಳಿನ ಅಕ್ಕಿ 360 ಮಿ.ಲೀ. ಅಳತೆ. ಚೆನ್ನಾಗಿ ತೊಳೆದು ಅರ್ಧ ಗಂಟೆ ನೆನೆಸುತ್ತೇನೆ. ಕೊಂಬು ಎಂಬ ಕಡಲ ಪಾಚಿಯ ತುಂಡು ಹಾಕಿ, ನೀರು ಸ್ವಲ್ಪ ಕಡಿಮೆ ಇಟ್ಟು ಬೇಯಿಸುತ್ತೇನೆ. 4 ದೊಡ್ಡ ಚಮಚ ಅಕ್ಕಿ ವಿನೆಗರ್‌ಗೆ 2 ದೊಡ್ಡ ಚಮಚ ಸಕ್ಕರೆ, 1 ಸಣ್ಣ ಚಮಚ ಉಪ್ಪು. ಅನ್ನ ಹಬೆಯಾಡುತ್ತಿರುವಾಗಲೇ ಸುರಿಯಬೇಕು. ಆರಿದ ಮೇಲೆ ಹುಳಿ ಸರಿಯಾಗಿ ಹಿಡಿಯುವುದಿಲ್ಲ.

ಮೊದಲ ಸಲ ಎಡವಿದ್ದು ಕಲಸುವುದರಲ್ಲಿ. ಮೊಸರನ್ನ ಕಲಸಿ ರೂಢಿಯಾದ ಕೈ ಅಲ್ವಾ, ಕಿವುಚಿಬಿಟ್ಟೆ. ಅನ್ನ ಅಂಟಂಟು ಮುದ್ದೆಯಾಯಿತು. ಅಜ್ಜಿ ಒಂದು ಕೈಯಲ್ಲಿ ಮರದ ಸಟ್ಟುಗ ಹಿಡಿದು, ಓರೆಯಾಗಿ ಕೊಯ್ದ ಹಾಗೆ ಅನ್ನ ಬಿಡಿಸಿ ತೋರಿಸಿದರು. ಇನ್ನೊಂದು ಕೈಯಲ್ಲಿ ಬೀಸಣಿಗೆ. ಗಾಳಿ ಬಿದ್ದಂತೆ ಒಂದೊಂದು ಕಾಳೂ ಹೊಳೆಯತೊಡಗಿತು. ಸುಶಿ ಅಂಗಡಿಯವರು ಈ ಅನ್ನಕ್ಕೆ ಶಾರಿ ಅನ್ನುತ್ತಾರೆ. ಬುದ್ಧನ ಅಸ್ಥಿಗೆ ಹೇಳುವ ಮಾತು ಅದು, ಮೂಲ ನಮ್ಮ ‘ಶರೀರ’ವೇ. ಬಿಳಿ ಕಾಳುಗಳು ಆ ಅಸ್ಥಿಯ ಚೂರಿನಂತೆ ಕಾಣುತ್ತವಂತೆ.

ಹಿಂದೆ ಹುಳಿ ವಿನೆಗರ್‌ನಿಂದ ಬರುತ್ತಿರಲಿಲ್ಲ. ಶಿಗಾ ಪ್ರಾಂತ್ಯದ ಬಿವಾ ಸರೋವರದ ಸುತ್ತ ಇಂದಿಗೂ ಫುನಾಝುಶಿ ಮಾಡುತ್ತಾರೆ. ಉಪ್ಪು ಹಾಕಿಟ್ಟ ಮೀನನ್ನು ಅನ್ನದಲ್ಲಿ ಅದುಮಿ ತಿಂಗಳುಗಟ್ಟಲೆ ಹುದುಗಲು ಬಿಡುತ್ತಾರೆ. ನಮ್ಮ ಇಡ್ಲಿ ಹಿಟ್ಟು ಹುಳಿ ಬರುತ್ತದಲ್ಲ, ಅದೇ ಬಗೆ. ಆ ಹುಳಿಯೇ ಮೀನು ಕೆಡದಂತೆ ಕಾಯುತ್ತದೆ. ಮೊದಮೊದಲು ಅನ್ನ ಎಸೆದು ಮೀನು ಮಾತ್ರ ತಿನ್ನುತ್ತಿದ್ದರು. ಬರಬರುತ್ತಾ ಅನ್ನವನ್ನೂ ತಿನ್ನತೊಡಗಿದರು, ಆಮೇಲೆ ವಿನೆಗರ್ ಬಂತು. ಕೈಯಲ್ಲೇ ಒತ್ತಿ ಕೊಡುವ ನಿಗಿರಿ 1820ರ ದಶಕದ ಎದೋ ಪಟ್ಟಣದ್ದು, ಅಂದ್ರೆ ಇಂದಿನ ಟೋಕಿಯೊದ್ದು.

ನನ್ನ ಮನೆಯಲ್ಲಿ ಜಾಸ್ತಿ ಆಗುವುದು ಇನಾರಿ. ಕರಿದ ತೋಫು ಚೀಲವನ್ನು ಸೋಯಾ ಸಾಸ್, ಸಕ್ಕರೆಯಲ್ಲಿ ಬೇಯಿಸಿ ಅನ್ನ ತುಂಬುವುದು. ಅಂಗಡಿಯ ಚೀಲಗಳಲ್ಲಿ ಸಾಮಾನ್ಯವಾಗಿ ಮೀನಿನ ಸಾರು ಇರುತ್ತದೆ, ಸಸ್ಯಾಹಾರಿಗಳು ನೋಡಿ ಕೊಳ್ಳಬೇಕು. ನಾನು ಕೊಂಬು ಮತ್ತು ಒಣ ಶಿಟಾಕೆ ಅಣಬೆ ನೆನೆಸಿದ ನೀರು ಬಳಸುತ್ತೇನೆ. ಟೋಕಿಯೊ ಕಡೆ ಇನಾರಿ ಅಕ್ಕಿ ಮೂಟೆಯ ಆಕಾರ, ಒಸಾಕಾ ಕಡೆ ಮುಮ್ಮೂಲೆ, ನರಿಯ ಕಿವಿಯ ಹಾಗೆ. ಇನಾರಿ ದೇವರ ದೂತ ನರಿ, ಅದಕ್ಕೆ ಕರಿದ ತೋಫು ಪ್ರಾಣ ಅನ್ನುತ್ತಾರೆ.

ಚೀಲವನ್ನು ಪೂರ್ತಿ ಹಿಂಡಬೇಡಿ, ಚೂರು ರಸ ಉಳಿಯಲಿ. ಮಾಡಿದ್ದನ್ನು ಫ್ರಿಜ್‌ಗೆ ಇಡದೆ ಅವತ್ತೇ ತಿನ್ನಿ. ತಣ್ಣಗಾದರೆ ಅನ್ನ ಬಿರುಸಾಗುತ್ತದೆ.