ಕರಡಿನಲ್ಲಿ ಒಂದು ಸಾಲು ಉಳಿಸುವ ಕೆಲಸ

ವಲಸಿಗರ ಹಕ್ಕುಗಳ ಒಕ್ಕೂಟವೊಂದಕ್ಕೆ ನಾನು ಸೇರಿದ್ದು ಟಿಪ್ಪಣಿ ಬರೆಯಲು. ಸರ್ಕಾರಗಳು ಅಂತರರಾಷ್ಟ್ರೀಯ ಸಭೆಗಳಲ್ಲಿ ಒಪ್ಪುವ ಪಠ್ಯದ ಕರಡಿನಲ್ಲಿ ವಲಸಿಗರ ಪರವಾದ ಸಾಲು ಸೇರಿಸುವುದು, ಇದ್ದದ್ದನ್ನು ಉಳಿಸುವುದು ಒಕ್ಕೂಟದ ಕೆಲಸ. ಮೊದಲ ಸಭೆಗೆ ಹದಿನಾಲ್ಕು ಸಂಘಟನೆಗಳವರು ಬಂದಿದ್ದರು. ಒಬ್ಬರಿಗೆ ಮನೆಗೆಲಸದವರ ಸಂಬಳದ ಚಿಂತೆ, ಇನ್ನೊಬ್ಬರಿಗೆ ಸಮುದ್ರದಲ್ಲಿ ಮುಳುಗಿದವರ ಲೆಕ್ಕ, ಮತ್ತೊಬ್ಬರಿಗೆ ಊರಿಗೆ ಹಣ ಕಳಿಸುವಾಗ ಕತ್ತರಿಸುವ ಶುಲ್ಕ. ಯಾರಿಗೂ ಬೇಸರವಾಗದಿರಲಿ ಎಂದು ನಾನು ಎಲ್ಲವನ್ನೂ ಸೇರಿಸಿದೆ. ಬೇಡಿಕೆ ಪತ್ರ ಒಂಬತ್ತು ಪುಟವಾಯಿತು. ಅದನ್ನು ಕೈಗೆ ತೆಗೆದುಕೊಂಡ ರಾಜತಾಂತ್ರಿಕರೊಬ್ಬರು ಬಹಳ ಮರ್ಯಾದೆಯಿಂದಲೇ ಕೇಳಿದರು: "ಇದರಲ್ಲಿ ನಾನು ಬದಲಾಯಿಸಬೇಕಾದ ವಾಕ್ಯ ಯಾವುದು?" ನಾವು ಮುಖ ಮುಖ ನೋಡಿಕೊಂಡೆವು.

ಅವತ್ತಿನಿಂದ ಹೊಸಬರಿಗೆ ನಾನು ಹೇಳುವ ಮೊದಲ ಮಾತು ಇದೇ: ಪ್ಯಾರಾ ಸಂಖ್ಯೆ ಇಲ್ಲದ ಬೇಡಿಕೆ ತರಬೇಡಿ.

ಅದಕ್ಕಾಗಿ ಮೊದಲು ಪಠ್ಯ ಓದಬೇಕು. ಸುರಕ್ಷಿತ, ಕ್ರಮಬದ್ಧ ಮತ್ತು ನಿಯಮಿತ ವಲಸೆಯ ಜಾಗತಿಕ ಒಪ್ಪಂದವನ್ನೇ ತೆಗೆದುಕೊಳ್ಳಿ. 2018ರ ಡಿಸೆಂಬರ್ 10ರಂದು ಮೊರಾಕ್ಕೊದ ಮರ್ರಾಕೆಶ್‌ನಲ್ಲಿ ಅಂಗೀಕಾರವಾಯಿತು. ಒಂಬತ್ತು ದಿನಗಳ ನಂತರ ವಿಶ್ವಸಂಸ್ಥೆಯ ಮಹಾಸಭೆ 152 ಮತಗಳಿಂದ ಅದನ್ನು ಅನುಮೋದಿಸಿತು. ವಿರುದ್ಧ 5, ತಟಸ್ಥ 12. ಒಟ್ಟು 23 ಉದ್ದೇಶಗಳಿವೆ. ಕಾನೂನಿನ ಬಂಧನವಿಲ್ಲದ ಒಪ್ಪಂದ, ಅಂದರೆ ಇದನ್ನು ಮುರಿದ ಸರ್ಕಾರವನ್ನು ಯಾವ ನ್ಯಾಯಾಲಯಕ್ಕೂ ಎಳೆಯಲಾಗದು. ಹಾಗಿದ್ದರೆ ಪದಗಳಿಗಾಗಿ ಯಾಕಿಷ್ಟು ಗುದ್ದಾಟ? ಮುಂದೆ ಆ ಸರ್ಕಾರವನ್ನು ಹಿಡಿದು ಕೇಳಲು ನಮ್ಮ ಕೈಯಲ್ಲಿ ಉಳಿಯುವುದು ಅವರೇ ಒಪ್ಪಿದ ಆ ಪದಗಳು ಮಾತ್ರ.

ಒಂದು ಉದಾಹರಣೆ, ನನಗೆ ಇವತ್ತಿಗೂ ಕಹಿಯಾದದ್ದು. 13ನೇ ಉದ್ದೇಶ ವಲಸಿಗರನ್ನು ಬಂಧನದಲ್ಲಿಡುವ ಕುರಿತು. ಮೊದಲ ಕರಡಿನಲ್ಲಿ ಮಕ್ಕಳ ಬಂಧನವನ್ನು 'ಕೊನೆಗಾಣಿಸುವುದು' ಎಂದಿತ್ತು. ಅಂತಿಮ ಪಠ್ಯದಲ್ಲಿ 'ಕೊನೆಗಾಣಿಸಲು ಶ್ರಮಿಸುವುದು' ಎಂದಾಯಿತು. ಸೇರಿದ್ದು ಒಂದೇ ಪದ. ಶ್ರಮಿಸುತ್ತಿದ್ದೇವೆ ಎಂದು ಯಾವ ಸರ್ಕಾರ ಬೇಕಾದರೂ ಹೇಳಬಹುದು, ಎಷ್ಟು ವರ್ಷ ಬೇಕಾದರೂ ಹೇಳಬಹುದು. 'ಫೈರ್‌ವಾಲ್' ಎಂಬ ಪದದ ಕಥೆಯೂ ಹಾಗೆಯೇ. ಕಾಗದಪತ್ರವಿಲ್ಲದ ರೋಗಿಗೆ ಚಿಕಿತ್ಸೆ ಕೊಡುವ ಆಸ್ಪತ್ರೆ ಅವನ ಹೆಸರನ್ನು ವಲಸೆ ಅಧಿಕಾರಿಗಳಿಗೆ ದಾಟಿಸಬಾರದು ಎಂಬುದು ಅದರ ಅರ್ಥ. ಮಾತುಕತೆಯ ನಡುವೆ ಆ ಪದ ಬಿದ್ದುಹೋಯಿತು. ಆದರೆ 15ನೇ ಉದ್ದೇಶದಲ್ಲಿ ಅದರ ಸಾರದ ವಾಕ್ಯವೊಂದು ಬದುಕಿದೆ: ಸೇವೆ ಕೊಡುವವರು ಮತ್ತು ವಲಸೆ ಅಧಿಕಾರಿಗಳ ನಡುವಿನ ಸಹಕಾರದಿಂದ ಅನಿಯಮಿತ, ಅಂದರೆ ಕಾಗದಪತ್ರವಿಲ್ಲದ, ವಲಸಿಗರ ಕಷ್ಟ ಹೆಚ್ಚಬಾರದು. ಪದ ಹೋದರೂ ಅರ್ಥ ಉಳಿಯುವಂಥ ಬದಲಿ ವಾಕ್ಯವೊಂದು ನಿಮ್ಮ ಜೇಬಿನಲ್ಲಿ ಮೊದಲೇ ಇರಲಿ.

ಒಕ್ಕೂಟದೊಳಗಿನ ಒಪ್ಪಂದ ಇದಕ್ಕಿಂತ ಕಷ್ಟ. ಕೆಲಸಕ್ಕೆಂದು ಸ್ವಲ್ಪ ಕಾಲ ಮಾತ್ರ ಕರೆಸಿಕೊಳ್ಳುವ ತಾತ್ಕಾಲಿಕ ವಲಸೆ ಯೋಜನೆಗಳ ವಿಚಾರ ಎತ್ತಿ ನೋಡಿ: ಹಲವು ಕಾರ್ಮಿಕ ಸಂಘಗಳಿಗೆ ಅದು ಹಕ್ಕಿಲ್ಲದ ದುಡಿಮೆಯ ಬಾಗಿಲು, ಬೇರೆ ಕೆಲವರಿಗೆ ಸದ್ಯಕ್ಕೆ ತೆರೆದಿರುವ ಒಂದೇ ಬಾಗಿಲು. ಇದನ್ನು ಸಭಾಂಗಣದ ಕಾರಿಡಾರಿನಲ್ಲಿ ಬಗೆಹರಿಸಲು ಹೋಗಬೇಡಿ, ನಾವು ಹೋಗಿ ಕೆಟ್ಟೆವು. ಈಗ ನಾವು ಮೊದಲೇ ಮೂರು ಪಟ್ಟಿ ಮಾಡುತ್ತೇವೆ: ಎಲ್ಲರೂ ಒಂದೇ ದನಿಯಲ್ಲಿ ಹೇಳುವುದು, ಬೇಕಾದವರು ತಮ್ಮ ಹೆಸರಿನಲ್ಲಿ ಹೇಳುವುದು, ಯಾರೂ ಬಿಟ್ಟುಕೊಡಬಾರದ್ದು. ಮೂರನೆಯದರಲ್ಲಿ ಎರಡಕ್ಕಿಂತ ಹೆಚ್ಚು ಅಂಶ ಸೇರಿದರೆ ಅದಕ್ಕೆ ಬೆಲೆಯಿಲ್ಲ.

ಎಲ್ಲಿಗೆ ಹೋಗಬೇಕು ಎಂಬ ಲೆಕ್ಕವೂ ಬೇಕು. ವಲಸೆ ಮತ್ತು ಅಭಿವೃದ್ಧಿಯ ಜಾಗತಿಕ ವೇದಿಕೆ 2007ರಲ್ಲಿ ಬ್ರಸೆಲ್ಸ್‌ನಲ್ಲಿ ಶುರುವಾದದ್ದು. ಅಲ್ಲಿ ಸರ್ಕಾರಗಳನ್ನು ಕಟ್ಟಿಹಾಕುವ ತೀರ್ಮಾನವೇ ಆಗುವುದಿಲ್ಲ, ಪರಿಚಯಗಳಾಗುತ್ತವೆ. ಪಠ್ಯ ಬರೆಯುವ ಜಾಗ ಬೇರೆ: ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಅಂತರರಾಷ್ಟ್ರೀಯ ವಲಸೆ ಪರಿಶೀಲನಾ ವೇದಿಕೆ. ಮೊದಲನೆಯದು 2022ರ ಮೇ ತಿಂಗಳಲ್ಲಿ ನ್ಯೂಯಾರ್ಕ್‌ನಲ್ಲಿ ನಡೆದು, ಪ್ರಗತಿ ಘೋಷಣೆಯೊಂದನ್ನು ಕೊಟ್ಟಿತು. ಕಾರ್ಮಿಕರ ವಿಷಯವಾದರೆ ಜಿನೀವಾದ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ (ಐಎಲ್‌ಒ). ಅಲ್ಲಿ ಸರ್ಕಾರ, ಮಾಲೀಕರು, ಕಾರ್ಮಿಕರು ಮೂವರಿಗೂ ಮತವಿದೆ, ಸ್ವಯಂಸೇವಾ ಸಂಸ್ಥೆಗಳಿಗಿಲ್ಲ. ಆದ್ದರಿಂದ ಮನೆಗೆಲಸದವರ ಸಂಘಟನೆಗಳು ಕಾರ್ಮಿಕ ಸಂಘಗಳ ಕೈ ಹಿಡಿದು 2010 ಮತ್ತು 2011ರ ಚರ್ಚೆಗಳ ಒಳಗೆ ಬಂದವು. 2011ರಲ್ಲಿ ಮನೆಗೆಲಸದವರ ಕುರಿತ 189ನೇ ಒಡಂಬಡಿಕೆ ಬಂತು, 2013ರಲ್ಲಿ ಜಾರಿಯಾಯಿತು. ಮತ ಇರುವವರ ಜೊತೆ ಜಗಳವಾಡಿಕೊಂಡೇ ಇದ್ದಿದ್ದರೆ ಅದು ಸಾಗುತ್ತಿರಲಿಲ್ಲ.

ಪ್ರತಿನಿಧಿಯ ಬಾಯಿಂದ ಬರುವ ಮಾತು ಬಹುಪಾಲು ಅವರ ರಾಜಧಾನಿಯಿಂದ ಬಂದದ್ದು. ನಾನು ಇದನ್ನು ತಡವಾಗಿ ಕಲಿತೆ. ಸಮಾವೇಶಕ್ಕೆ ಮೂರ್ನಾಲ್ಕು ತಿಂಗಳು ಇರುವಾಗಲೇ ಆಯಾ ದೇಶದ ಸದಸ್ಯ ಸಂಘಟನೆ ತನ್ನ ಸಚಿವಾಲಯದ ಬಾಗಿಲು ತಟ್ಟಬೇಕು, ಅದೂ ವಿದೇಶಾಂಗ ಸಚಿವಾಲಯದ್ದು ಮಾತ್ರವಲ್ಲ. ಕಾರ್ಮಿಕ ಇಲಾಖೆ ಒಪ್ಪಿದ್ದನ್ನು ಗೃಹ ಇಲಾಖೆ ಅಳಿಸಿದ್ದನ್ನು ನಾನು ಕಂಡಿದ್ದೇನೆ. ಪತ್ರ ಒಂದು ಪುಟ ಮೀರದಿರಲಿ: ಎಡಕ್ಕೆ ಕರಡಿನ ವಾಕ್ಯ, ಬಲಕ್ಕೆ ನಮ್ಮ ವಾಕ್ಯ, ಕೆಳಗೆ ಆ ದೇಶವೇ ಹಿಂದೆ ಒಪ್ಪಿದ ಯಾವುದಾದರೂ ಪಠ್ಯದ ಉಲ್ಲೇಖ.

ಮಾತಾಡುವವರು ವಲಸೆ ಹೋಗಿ ಬಂದವರೇ ಆಗಿರಲಿ. ಹೇಳುವುದು ಸುಲಭ. ವಲಸೆಯ ಕುರಿತ ಸಭೆಗೆ ವಲಸಿಗರಿಗೇ ವೀಸಾ ಸಿಗದ ತಮಾಷೆಯನ್ನು ನಾನು ಒಂದಕ್ಕಿಂತ ಹೆಚ್ಚು ಸಲ ನೋಡಿದ್ದೇನೆ. ಆಹ್ವಾನ ಪತ್ರಕ್ಕೆ ಆರು ತಿಂಗಳ ಮೊದಲೇ ಬೆನ್ನು ಹತ್ತಿ. ಪ್ರವೇಶದ ಮಾನ್ಯತೆಯನ್ನೂ ಕೊನೆಯ ದಿನಕ್ಕೆ ಬಿಡಬೇಡಿ: ವಿಶ್ವಸಂಸ್ಥೆಯ ಆರ್ಥಿಕ ಮತ್ತು ಸಾಮಾಜಿಕ ಮಂಡಳಿಯಲ್ಲಿ ಸಮಾಲೋಚನಾ ಸ್ಥಾನಮಾನ ಇರುವ ಸದಸ್ಯ ಸಂಘಟನೆಗಳು ಆ ಸ್ಥಾನಮಾನ ಇಲ್ಲದವರನ್ನೂ ತಮ್ಮ ಹೆಸರಿನಲ್ಲಿ ಕರೆದೊಯ್ಯಬಹುದು. ವಲಸಿಗರ ಕಥೆ ಕೇಳಿ ಸಭೆ ಕಣ್ಣೊರೆಸಿಕೊಂಡು ಎದ್ದು ಹೋಗುವಂತಾಗಬಾರದು. ಕಥೆಯ ಕೊನೆಯಲ್ಲಿ ಅವರ ಬಾಯಿಂದಲೇ ಪ್ಯಾರಾ ಸಂಖ್ಯೆ ಬರಲಿ.

ಸಭೆಯೊಳಗೆ ಇಬ್ಬರು ಸಾಕು: ಒಬ್ಬರು ಮಾತಿಗೆ, ಒಬ್ಬರು ಬರೆಯಲು. ಯಾವ ದೇಶ ಯಾವ ಪದವನ್ನು ಎತ್ತಿತು, ಯಾರು ತಲೆಯಾಡಿಸಿದರು ಎಂದು ಅದೇ ರಾತ್ರಿ ಎಲ್ಲ ಸದಸ್ಯರಿಗೂ ಹೋಗಬೇಕು, ಬೆಳಿಗ್ಗೆ ರಾಜಧಾನಿಗಳಲ್ಲಿ ಕಚೇರಿ ತೆರೆಯುವ ಮೊದಲು. ನನ್ನ ಟಿಪ್ಪಣಿಗಳು ಈಗ ಎರಡು ಪುಟ ದಾಟುವುದಿಲ್ಲ, ಎಡ ಅಂಚಿನಲ್ಲಿ ಪ್ಯಾರಾ ಸಂಖ್ಯೆಗಳಿರುತ್ತವೆ.